ಮರಳಿ ಹೋಗುವ ಕ್ರೇಟು

ರಾತ್ರಿ ಎರಡೂವರೆ. ಹರಿಹರದ ಬೀದಿದೀಪಗಳು ಹಿಂದೆ ಉಳಿದಿವೆ. ಭದ್ರಾ ನಾಲೆಯ ಏರಿ ಹಿಡಿದು ಒಂದಿಷ್ಟು ದೂರ ಬಂದು, ಗದ್ದೆಗಳ ನಡುವಿನ ಮಣ್ಣುದಾರಿಗೆ ಇಳಿದಿದ್ದೀರಿ. ಕಣ್ಣಿಗೆ ಇನ್ನೂ ಏನೂ ಕಾಣಿಸಿಲ್ಲ, ಮೂಗಿಗೆ ಆಗಲೇ ಗೊತ್ತಾಗಿದೆ. ಭತ್ತದ ಹೊಟ್ಟು, ಅದರಲ್ಲಿ ಬೆರೆತ ಹಿಕ್ಕೆ, ಕಣ್ಣು ಚುರುಗುಟ್ಟಿಸುವ ಅಮೋನಿಯಾ. ಆಮೇಲೆ ಉದ್ದನೆಯ ಶೆಡ್ಡಿನ ಅಂಚು ಕಾಣುತ್ತದೆ. ಎರಡೂ ಬದಿಗೆ ಜಾಲರಿ, ಮೇಲೆ ಸುತ್ತಿಟ್ಟ ಗೋಣಿಪರದೆ.

ಒಳಗೆ ದೀಪ ಆರಿಸಿದ್ದಾರೆ. ಕತ್ತಲಲ್ಲಿ ಕೋಳಿ ಗಾಬರಿ ಬೀಳುವುದಿಲ್ಲ, ಕೂತಲ್ಲೇ ಕೂತಿರುತ್ತದೆ. ಹಿಡಿಯುವವರು ಐದಾರು ಜನ. ಹಣೆಗೆ ಟಾರ್ಚು ಕಟ್ಟಿಕೊಂಡು, ಸೊಂಟ ಬಗ್ಗಿಸಿ ಹೋಗಿ, ಒಂದೊಂದು ಕೈಗೆ ನಾಲ್ಕೈದು ಕೋಳಿಯ ಕಾಲು ಹಿಡಿದು ಎತ್ತಿ ತರುತ್ತಾರೆ. ಮಾಸ್ಕು ಇಲ್ಲ, ಕೈಗವಸು ಇಲ್ಲ. ಮುಖದ ಮುಂದೆ ರೆಕ್ಕೆ ಬಡಿದಾಗ ಹೊಟ್ಟಿನ ಧೂಳು ಟಾರ್ಚಿನ ಬೆಳಕಿನಲ್ಲಿ ಹೊಗೆಯ ಹಾಗೆ ಏಳುತ್ತದೆ. ಅದನ್ನು ಅವರೂ ಉಸಿರಾಡುತ್ತಾರೆ, ನೀವೂ.

ನಲವತ್ತು ದಿನದ ಹಿಂದೆ ಅಂಗೈಯಲ್ಲಿ ಹಿಡಿಸುವಷ್ಟಿದ್ದ ಮರಿಗಳು ಇವು. ಈಗ ಎರಡು ಕೆಜಿ ದಾಟಿವೆ. ಸುತ್ತಲ ಹೊಲಗಳ ಮೆಕ್ಕೆಜೋಳ ಇವುಗಳ ಹೊಟ್ಟೆಗೆ ಹೋಗಿಯೇ ಮಾಂಸವಾಗುವುದು. ದಾವಣಗೆರೆ ಜಿಲ್ಲೆಯ ರೈತ ಕೋಳಿ ಸಾಕಲಿ ಬಿಡಲಿ, ಕೋಳಿಯ ಬೆಲೆಗೆ ಕಟ್ಟುಬಿದ್ದವನು. ಕೋಳಿಗೆ ರೋಗ ಬಂತೆಂದರೆ ಎಪಿಎಂಸಿಯಲ್ಲಿ ಜೋಳದ ರಾಶಿಯ ಮುಂದೆ ನಿಂತವನ ಮುಖವೂ ಬಾಡುತ್ತದೆ.

ಆದರೆ ನೀವು ನೋಡಬೇಕಾದದ್ದು ಕೋಳಿಯನ್ನಲ್ಲ. ಶೆಡ್ಡಿನ ಬಾಗಿಲಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಪ್ಲಾಸ್ಟಿಕ್ ಕ್ರೇಟುಗಳನ್ನು ನೋಡಿ. ಒಂದನ್ನು ಕೈಯಿಂದ ಮುಟ್ಟಿ. ಅಡಿಯ ಜಾಲರಿಯಲ್ಲಿ ಒಣಗಿದ ಹಿಕ್ಕೆ, ಮೂಲೆಯಲ್ಲಿ ಅಂಟಿಕೊಂಡ ಬಿಳಿ ಪುಕ್ಕ, ಹಿಡಿಕೆಯ ಹತ್ತಿರ ಕಪ್ಪಗಾದ ರಕ್ತದ ಕಲೆ. ಈ ಶೆಡ್ಡಿನ ಕೋಳಿ ಇನ್ನೂ ಇದರೊಳಗೆ ಕೂತಿಲ್ಲ. ಹಾಗಾದರೆ ಈ ಹಿಕ್ಕೆ ಯಾವ ಕೋಳಿಯದು? ಈ ಕ್ರೇಟು ನಿನ್ನೆ ಎಲ್ಲಿತ್ತು?

ನಿನ್ನೆ ಒಂದು ಚಿಕನ್ ಅಂಗಡಿಯಲ್ಲಿತ್ತು. ಮೊನ್ನೆ ಬೇರೊಂದು ಫಾರಂನಲ್ಲಿ. ಕೋಳಿ ಒಂದೇ ದಿಕ್ಕಿಗೆ ಹೋಗುತ್ತದೆ, ಫಾರಂನಿಂದ ಪೇಟೆಗೆ. ಮರಳಿ ಬರುವುದು ಕ್ರೇಟು, ಲಾರಿಯ ಚಕ್ರ, ಹಿಡಿಯುವವರ ಚಪ್ಪಲಿ. ಹಕ್ಕಿ ಜ್ವರದ ವಿಷಯದಲ್ಲಿ ನನ್ನನ್ನು ಕಾಡುವುದು ಈ ಮರಳಿ ಬರುವ ದಾರಿಯೇ.

ಲಾರಿ ಹೊರಡುತ್ತದೆ. ಚಾಲಕನ ಪಕ್ಕದಲ್ಲಿ ನಿಮಗೂ ಜಾಗವಿದೆ. ಹರಿಹರದಿಂದ ದಾವಣಗೆರೆಗೆ ಹದಿನಾಲ್ಕು ಕಿಲೋಮೀಟರಿನ ಆಸುಪಾಸು. ಹಿಂದಿನಿಂದ ಪುಕ್ಕಗಳು ಹಾರಿ ರಸ್ತೆಗೆ ಬೀಳುತ್ತವೆ, ಕ್ರೇಟುಗಳ ಅಡಿಯಿಂದ ತೆಳ್ಳನೆಯ ನೀರು ಸೋರುತ್ತದೆ. ಪಿ.ಬಿ. ರಸ್ತೆಗೆ ಸೇರುವಷ್ಟರಲ್ಲಿ ಮೂಡಣ ಬೆಳ್ಳಗಾಗಿದೆ. ಮಂಡಕ್ಕಿ ಭಟ್ಟಿಗಳ ಕಡೆಯಿಂದ ಹೊಗೆ ಏಳುತ್ತಿದೆ.

ಇವತ್ತು ಭಾನುವಾರ. ಹಳೇ ದಾವಣಗೆರೆಯ ಒಂದು ಓಣಿಯಲ್ಲಿ ಆರೂವರೆಗೇ ಅಂಗಡಿಯ ಶಟರು ಏರಿದೆ. ಹತ್ತಡಿ ಅಗಲದ ಜಾಗ. ಎಡಕ್ಕೆ ಕಬ್ಬಿಣದ ಪಂಜರ, ಮೂರು ಅಂತಸ್ತು. ಕೆಳಗೆ ಬಾಯ್ಲರ್ ಕೋಳಿ, ನಡುವೆ ಜವಾರಿ, ಮೇಲೊಂದು ಸಣ್ಣ ಗೂಡಿನಲ್ಲಿ ಗೌಜಲಕ್ಕಿ. ಮೇಲಿನದರ ಹಿಕ್ಕೆ ಕೆಳಗಿನದರ ಬೆನ್ನಿಗೆ ಬೀಳುತ್ತದೆ. ಜವಾರಿ ಕೋಳಿಗಳು ಒಂದೇ ಊರಿನವಲ್ಲ. ಹತ್ತಾರು ಹಳ್ಳಿಗಳ ಹಿತ್ತಲಿನಿಂದ, ಸಂತೆಯಿಂದ, ಸೈಕಲ್ಲಿಗೆ ಕಾಲು ಕಟ್ಟಿ ತೂಗುಹಾಕಿಕೊಂಡು ಬಂದವರಿಂದ ಕೊಂಡವು. ಅವುಗಳಲ್ಲಿ ಕೆಲವು ಮೊನ್ನೆಯವರೆಗೂ ಕೆರೆಯಂಗಳದಲ್ಲಿ ಬಾತು, ಕೊಕ್ಕರೆಗಳ ಜೊತೆ ಮೇಯುತ್ತಿದ್ದವು. ಹಕ್ಕಿ ಜ್ವರದ ವೈರಾಣುವಿಗೆ ಹಳೆಯ ತವರು ನೀರುಹಕ್ಕಿಗಳ ಕರುಳು. ಎಷ್ಟೋ ಕಾಡುಬಾತುಗಳು ಅದನ್ನು ಹೊತ್ತೂ ಏನೂ ಆಗದವರ ಹಾಗೆ ಈಜಾಡಿಕೊಂಡಿರುತ್ತವೆ. ಅದೇ ವೈರಾಣು ಕೋಳಿಗೆ ಹೊಕ್ಕರೆ ಎರಡು ಮೂರು ದಿನದಲ್ಲಿ ಗೂಡೇ ಖಾಲಿ.

“ಅಣ್ಣಾ, ಜವಾರಿ ಐತೇನು?” ಚೀಲ ಹಿಡಿದ ಹೆಂಗಸು ಕೇಳುತ್ತಾಳೆ.

“ಐತಿ ಅಕ್ಕಾ. ಹುಂಜ ಕೊಡ್ಲಾ, ಹ್ಯಾಟೆ ಕೊಡ್ಲಾ? ಸುಟ್ಟು ಕೊಡ್ತೀನಿ.”

ಕೊಯ್ಯುವ ಹುಡುಗನಿಗೆ ಇಪ್ಪತ್ತು ದಾಟಿರಲಿಕ್ಕಿಲ್ಲ. ಪಂಜರದೊಳಗೆ ಕೈ ಹಾಕಿ ಕೋಳಿ ಎಳೆಯುತ್ತಾನೆ, ತಕ್ಕಡಿಗೆ ಹಾಕುತ್ತಾನೆ, ಕತ್ತು ಕೊಯ್ದು ಡ್ರಮ್ಮಿಗೆ ಬಿಡುತ್ತಾನೆ. ಒಳಗೆ ಅದು ಒದ್ದಾಡುವಾಗ ಸಣ್ಣ ಸಣ್ಣ ರಕ್ತದ ಹನಿಗಳು ಮೇಲೆ ಹಾರಿ ಅವನ ಮೊಣಕೈಗೆ, ಕೊರಳಿಗೆ ಬೀಳುತ್ತವೆ. ಆಮೇಲೆ ಬಿಸಿನೀರು. ಆಮೇಲೆ ಪುಕ್ಕ ಕೀಳುವ ಯಂತ್ರ, ಒಳಗೆಲ್ಲ ರಬ್ಬರಿನ ಬೆರಳು. ಸ್ವಿಚ್ಚು ಒತ್ತಿದ ಕೂಡಲೇ ಗರ್ರೆಂದು ತಿರುಗಿ ಒದ್ದೆ ಪುಕ್ಕವನ್ನೂ ನೀರಿನ ಕಣವನ್ನೂ ಗಾಳಿಗೆ ಚೆಲ್ಲುತ್ತದೆ. ನಿಮ್ಮ ತುಟಿಗೆ ತಣ್ಣಗೆ ಏನೋ ತಾಕಿತಲ್ಲ, ಅದೇ ಅದು. ಹೀಗೆ ಕೊಯ್ಯುವ, ಪುಕ್ಕ ಕೀಳುವ, ಕರುಳು ತೆಗೆಯುವ ಹೊತ್ತಿನಲ್ಲೇ ರೋಗದ ಕೋಳಿಯಿಂದ ಮನುಷ್ಯನಿಗೆ ವೈರಾಣು ದಾಟುವ ಅಪಾಯ ಹೆಚ್ಚು. ಮನೆಗೆ ಹೋಗಿ ಕುದಿಸಿದ ಸಾರಿನಿಂದಲ್ಲ. 70 ಡಿಗ್ರಿ ಶಾಖ ಒಳಗಿನವರೆಗೆ ತಟ್ಟಿದರೆ ವೈರಾಣು ಸತ್ತುಹೋಗುತ್ತದೆ. ತಿನ್ನುವವನಿಗಿಂತ ಕೊಯ್ಯುವವನಿಗೆ ಭಯ ಇರಬೇಕಾದ ರೋಗ ಇದು. ನಮ್ಮೂರುಗಳಲ್ಲಿ ಆಗುವುದು ತದ್ವಿರುದ್ಧ. ತಿನ್ನುವವನು ಹೆದರಿ ಅಂಗಡಿಗೇ ಬರುವುದಿಲ್ಲ, ಕೊಯ್ಯುವವನು ಬರಿಗೈಯಲ್ಲಿ ಕೊಯ್ಯುತ್ತಲೇ ಇರುತ್ತಾನೆ.

ನಡುವೆ ಚಹಾ ಬರುತ್ತದೆ. ಹುಡುಗ ಪ್ಯಾಂಟಿಗೆ ಕೈ ಒರೆಸಿ ಲೋಟ ಹಿಡಿಯುತ್ತಾನೆ. ಮೊಬೈಲು ರಿಂಗಾಗುತ್ತದೆ, ಅದೇ ಕೈಯಿಂದ ಎತ್ತಿ ಕಿವಿಗಿಟ್ಟುಕೊಳ್ಳುತ್ತಾನೆ.

ಈಗ ಕೆಳಗಿನ ಪಂಜರದ ಮೂಲೆ ನೋಡಿ. ಒಂದು ಕೋಳಿ ಕತ್ತು ಒಳಕ್ಕೆ ಎಳೆದುಕೊಂಡು ಕೂತಿದೆ. ಜುಟ್ಟು ನೀಲಿಗಟ್ಟಿದಂತಿದೆ, ಕಣ್ಣಿನ ಸುತ್ತ ಊತ. ದೂರದ ದಾರಿಯ ಸುಸ್ತಿರಬಹುದು, ಸೆಕೆ ಇರಬಹುದು. ಕೊಕ್ಕರೆ ರೋಗ ಇರಬಹುದು, ಅದೇ ರಾಣಿಖೇತ್. ಹಳ್ಳಿಯ ಹೆಂಗಸರು ಅದನ್ನು ಕಂಡು ಸಾಕಾಗಿದ್ದಾರೆ. ನೋಡಿದ ಮಾತ್ರಕ್ಕೆ ಇಂಥದೇ ಎನ್ನಲು ಪಶುವೈದ್ಯರಿಗೂ ಆಗುವುದಿಲ್ಲ. ಆದರೆ ಈ ಗಳಿಗೆಯಲ್ಲಿ ಮಾಲೀಕ ಏನು ಮಾಡುತ್ತಾನೆ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ಸಾಯುವ ಮೊದಲು ಕೊಯ್ದುಬಿಟ್ಟರೆ ಇನ್ನೂರು ಮುನ್ನೂರು ರೂಪಾಯಿ ಉಳಿಯಿತು. ಬಾಯಿಬಿಟ್ಟು ಹೇಳಿದರೆ ಅಂಗಡಿ ಮುಚ್ಚಬಹುದು. ಅವನ ಜಾಗದಲ್ಲಿ ನೀವಿದ್ದರೆ?

ಈ ಪ್ರಶ್ನೆ ಹಿಡಿದು 2020ರ ಮಾರ್ಚಿಗೆ ಹೋಗೋಣ. ಹರಿಹರ ತಾಲ್ಲೂಕಿನ ಬನ್ನಿಕೋಡು. ಆ ತಿಂಗಳು ಕೋಳಿ ಸಾಕಿದವರ ಪಾಲಿಗೆ ಆಗಲೇ ಕೆಟ್ಟಿತ್ತು. ಕೊರೊನಾ ಕೋಳಿಯಿಂದ ಬರುತ್ತದೆ ಎಂಬ ಸುಳ್ಳು ಮೊಬೈಲಿನಿಂದ ಮೊಬೈಲಿಗೆ ಹರಿದು, ಚಿಕನ್ ಕೇಳುವವರಿಲ್ಲದೆ ಬೆಲೆ ನೆಲಕಚ್ಚಿತ್ತು. ರಾಜ್ಯದ ಕೆಲವು ಕಡೆ ಮೇವು ಹಾಕಲಾರದೆ ಸಾವಿರಾರು ಕೋಳಿಗಳನ್ನು ಜೀವಂತ ಗುಂಡಿಗೆ ತಳ್ಳಿದ್ದರು. ಅದೇ ಹೊತ್ತಿಗೆ ಬನ್ನಿಕೋಡಿನಲ್ಲಿ ಕೋಳಿಗಳು ಸಾಯತೊಡಗಿದವು. ಮಾದರಿ ಭೋಪಾಲದ ಅತಿ ಭದ್ರತೆಯ ಪ್ರಾಣಿರೋಗ ಪ್ರಯೋಗಾಲಯಕ್ಕೆ ಹೋಯಿತು. ದೇಶದಲ್ಲಿ ಈ ರೋಗಕ್ಕೆ ಕೊನೆಯ ಮಾತು ಅಲ್ಲಿಯದು. ತಿಂಗಳ ನಡುವೆ ವರದಿ ಬಂತು: ಹಕ್ಕಿ ಜ್ವರ. ಅದೇ ದಿನಗಳಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಿಂದಲೂ ಅಂಥದೇ ವರದಿ.

ಇಂಥ ವರದಿ ಬಂದ ಊರಿನ ಅಂಚಿನಲ್ಲಿ ನಿಂತುಕೊಳ್ಳಿ. ರೋಗ ಕಂಡ ಜಾಗವನ್ನು ನಡುಬಿಂದು ಮಾಡಿ 1 ಕಿಲೋಮೀಟರಿನ ಒಂದು ವೃತ್ತ, 10 ಕಿಲೋಮೀಟರಿನ ಇನ್ನೊಂದು. ಒಳವೃತ್ತದಲ್ಲಿ ಒಂದು ಕೋಳಿಯೂ ಉಳಿಯಬಾರದು, ಹೊರವೃತ್ತದಲ್ಲಿ ನಿಗಾ. ಪಶುಸಂಗೋಪನಾ ಇಲಾಖೆಯ ಜೀಪು ಬರುತ್ತದೆ. ಇಳಿದವರು ಅಡಿಯಿಂದ ಮುಡಿಯವರೆಗೆ ಬಿಳಿ ಉಡುಪಿನವರು, ಮುಖವೇ ಕಾಣದು. ಅವರಿಗೆ ಮೊದಲೇ ವೈರಾಣು ತಡೆಯುವ ಒಸೆಲ್ಟಾಮಿವಿರ್ ಮಾತ್ರೆ ನುಂಗಿಸಿರುತ್ತಾರೆ. ಮನೆಮನೆ ಬಾಗಿಲಲ್ಲಿ ನಿಂತು, “ಅಮ್ಮಾ, ಎಷ್ಟು ಕೋಳಿ ಅದಾವು?” ಎಂದು ಎಣಿಸಿ ಬರೆದುಕೊಂಡು ಕುತ್ತಿಗೆ ಮುರಿದು ಚೀಲಕ್ಕೆ ಹಾಕುತ್ತಾರೆ. ಊರಾಚೆ ಆಳದ ಗುಂಡಿ, ಸುಣ್ಣ, ಅದರ ಮೇಲೆ ಮಣ್ಣು. ಕೊನೆಗೆ ತಮ್ಮ ಉಡುಪನ್ನೂ ಅಲ್ಲೇ ವಿಲೇವಾರಿ ಮಾಡಿ ಹೋಗುತ್ತಾರೆ.

ಹಿತ್ತಲ ಕೋಳಿಯ ಬಗ್ಗೆ ಇಲ್ಲೊಂದು ಮಾತು ಹೇಳಲೇಬೇಕು. ಫಾರಂನವನಿಗೆ ಅದು ಬಂಡವಾಳ. ಅಜ್ಜಿಗೆ ಆ ನಾಲ್ಕು ಹ್ಯಾಟೆ ಮೊಮ್ಮಗಳ ನೋಟ್‌ಬುಕ್ಕು, ಬೀಗರು ಬಂದ ದಿನದ ಮರ್ಯಾದೆ, ದುಗ್ಗಮ್ಮನ ಹರಕೆ. ಕಣ್ಣೆದುರೇ ಓಡಾಡಿಕೊಂಡಿರುವ ಗಟ್ಟಿಮುಟ್ಟಾದ ಕೋಳಿಯನ್ನು ಕೊಡು ಎಂದರೆ ಅವಳು ಬುಟ್ಟಿ ಮುಚ್ಚಿ ಮೇಲೆ ಕೂತುಬಿಟ್ಟರೆ ತಪ್ಪೆನ್ನಲು ನನಗೆ ಮನಸ್ಸು ಬಾರದು. ಆದರೆ ಆ ಬುಟ್ಟಿಯಡಿಯ ಕೋಳಿಯೇ ಮುಂದಿನ ವಾರ ಸಂತೆಗೆ ಹೋಗುತ್ತದೆ. ಇದಕ್ಕೆ ಮದ್ದು ಬೆದರಿಕೆ ಅಲ್ಲ, ಅವಳ ಕೈಗೆ ಕೂಡಲೇ ಬೀಳುವ ಹಣ. ಸರ್ಕಾರ ಪರಿಹಾರ ಕೊಡುತ್ತದೆ. ಕೇಂದ್ರದ್ದು ಅರ್ಧ, ರಾಜ್ಯದ್ದು ಅರ್ಧ. ಅದು ಅಧಿಕಾರಿಗಳು ಕೊಂದ ಕೋಳಿಗೆ ಮಾತ್ರ. ತಾನಾಗಿ ಸತ್ತದ್ದಕ್ಕೆ ಬಿಡಿಗಾಸೂ ಇಲ್ಲ. ಬೇಗ ಹೇಳಿದವನಿಗೆ ಹೆಚ್ಚು ಉಳಿಯಲಿ ಎಂಬುದು ಅದರ ಲೆಕ್ಕ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ ಅಜ್ಜಿಗೂ ಓಣಿಯ ಅಂಗಡಿಯವನಿಗೂ ಅದನ್ನು ರೋಗ ಬರುವ ಮೊದಲೇ ಕೂತು ತಿಳಿಸಿ ಹೇಳಿದವರು ಯಾರು?

ಬನ್ನಿಕೋಡಿನ ಸುದ್ದಿ ಪತ್ರಿಕೆಗಳಲ್ಲಿ ಹೆಚ್ಚು ದಿನ ಉಳಿಯಲಿಲ್ಲ. ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ, 25ರಿಂದ ದೇಶವೇ ಬೀಗ ಹಾಕಿಕೊಂಡಿತು. ಒಂದು ರೋಗ ಇನ್ನೊಂದನ್ನು ಮುಚ್ಚಿಹಾಕಿತು. ಆದರೆ ಅದು ಮೊದಲನೆಯದೂ ಆಗಿರಲಿಲ್ಲ, ಕೊನೆಯದೂ ಆಗಲಿಲ್ಲ. 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಕೇಂದ್ರ ಸರ್ಕಾರಿ ಕೋಳಿ ಕೇಂದ್ರದಲ್ಲಿ ಟರ್ಕಿ ಕೋಳಿಗಳು ಸತ್ತಿದ್ದವು. 2016ರಲ್ಲಿ ಬೀದರ್ ಜಿಲ್ಲೆಯ ಹುಮನಾಬಾದ್ ಕಡೆ ಒಂದು ದೊಡ್ಡ ಫಾರಂ. 2018ರ ಜನವರಿಯ ಸುಮಾರಿಗೆ ಬೆಂಗಳೂರಿನ ದಾಸರಹಳ್ಳಿ, ಅಲ್ಲಿ ರೋಗ ಸಿಕ್ಕಿದ್ದು ಒಂದು ಚಿಕನ್ ಅಂಗಡಿಯಲ್ಲಿ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿ, ಬಳ್ಳಾರಿ ಜಿಲ್ಲೆಯ ಕುರೇಕುಪ್ಪ.  ಪಕ್ಕದ ಆಂಧ್ರದಲ್ಲಿ ರೋಗ ಮನುಷ್ಯನಿಗೂ ಅಂಟಿ ಸಾವಾಯಿತು. ನರಸರಾವುಪೇಟೆಯ ಎರಡು ವರ್ಷದ ಮಗು, 2025ರ ಮಾರ್ಚ್. ಮನೆಯಲ್ಲಿ ಕೋಳಿ ಹೆಚ್ಚುವಾಗ ಹಸಿ ತುಂಡೊಂದನ್ನು ಬಾಯಿಗೆ ಹಾಕಿಕೊಂಡಿತ್ತು ಎಂದು ಮನೆಯವರು ಹೇಳಿದ್ದರು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಅದು ಹಕ್ಕಿ ಜ್ವರದ ಎಚ್5ಎನ್1 ವೈರಾಣು ಎಂದು ಖಚಿತಪಡಿಸಿತು. ಅದಕ್ಕೂ ಮೊದಲು, 2021ರಲ್ಲಿ, ಹರಿಯಾಣದ ಒಬ್ಬ ಬಾಲಕ ದಿಲ್ಲಿಯ ಏಮ್ಸ್‌ನಲ್ಲಿ ತೀರಿಕೊಂಡಿದ್ದ. 2003ರಿಂದೀಚೆಗೆ ಜಗತ್ತಿನಲ್ಲಿ ಎಚ್5ಎನ್1 ತಗುಲಿದ್ದು ಖಚಿತವಾದ ಒಂಬೈನೂರಕ್ಕೂ ಹೆಚ್ಚು ಜನರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಉಳಿದಿಲ್ಲ.

ಮತ್ತೆ ಅಂಗಡಿಗೆ ಬನ್ನಿ. ಹನ್ನೊಂದು ಗಂಟೆ, ಸರದಿ ರಸ್ತೆಗೆ ಬಂದಿದೆ. ಹುಡುಗ ಒಮ್ಮೆ ಸೀನುತ್ತಾನೆ. ಬರೀ ನೆಗಡಿಯೇ ಇರಬಹುದು. ಆದರೆ ಅದು ಮಾಮೂಲಿ ಫ್ಲೂ ಆಗಿದ್ದರೂ ಲಘುವಲ್ಲ. ಫ್ಲೂ ಜಾತಿಯ ವೈರಾಣುವಿನ ವಂಶವಾಹಿ ಎಂಟು ತುಂಡುಗಳಲ್ಲಿ ಇರುತ್ತದೆ. ಮನುಷ್ಯರ ಫ್ಲೂ ಮತ್ತು ಹಕ್ಕಿಯ ಫ್ಲೂ ಒಂದೇ ಮೈಯಲ್ಲಿ ಸೇರಿದರೆ ಆ ತುಂಡುಗಳು ಅದಲುಬದಲಾಗಿ ಮೂರನೆಯದೊಂದು ಹುಟ್ಟಬಹುದು, ಮನುಷ್ಯನಿಂದ ಮನುಷ್ಯನಿಗೆ ಸರಾಗ ಹರಿಯುವಂಥದ್ದು. ಇವತ್ತಿಗೂ ಎಚ್5ಎನ್1 ಆ ವಿದ್ಯೆ ಕಲಿತಿಲ್ಲ. ಕಲಿಯುವುದಾದರೆ ಇಂಥ ಹುಡುಗನ ಶ್ವಾಸಕೋಶದಲ್ಲಿ ಕಲಿಯಬಹುದು. ಅದಕ್ಕೇ ಕೋಳಿ ಕೆಲಸದವರಿಗೆ ವರ್ಷಕ್ಕೊಮ್ಮೆ ಮಾಮೂಲಿ ಫ್ಲೂ ಲಸಿಕೆ ಹಾಕಬೇಕೆಂದು ತಿಳಿದವರು ಹೇಳುವುದು. ಈ ಓಣಿಯ ಎಷ್ಟು ಹುಡುಗರಿಗೆ ಆ ಸೂಜಿ ಕಂಡಿದೆಯೋ.

ನಾಳೆ ಅವನಿಗೆ ಜ್ವರ ಏರಿ, ಉಸಿರು ಎಳೆಯತೊಡಗಿದರೆ ಮೊದಲು ಹೋಗುವುದು ಮನೆ ಹತ್ತಿರದ ಒಂದು ಸಣ್ಣ ಕ್ಲಿನಿಕ್ಕಿಗೆ. ಅಲ್ಲಿನ ಡಾಕ್ಟರು ಒಂದೇ ಒಂದು ಪ್ರಶ್ನೆ ಹೆಚ್ಚಿಗೆ ಕೇಳಿದರೆ ಸಾಕು: “ಏನ್ ಕೆಲ್ಸ ಮಾಡ್ತಿಯಪ್ಪಾ?” ಚಿಕನ್ ಅಂಗಡಿ ಎಂದ ಕೂಡಲೇ, “ಇತ್ತೀಚೆಗೆ ಕೋಳಿ ಏನಾರ ಸತ್ವಾ?” ಒಸೆಲ್ಟಾಮಿವಿರ್ ಎರಡು ದಿನದೊಳಗೆ ಶುರುವಾದರೆ ಹೆಚ್ಚು ಕೆಲಸ ಮಾಡುತ್ತದೆ. ಗಂಟಲ ದ್ರವದ ಪರೀಕ್ಷೆಗೆ ಬರೆಯುವುದೋ, ಒಂದು ಚೀಟಿ ಆ್ಯಂಟಿಬಯಾಟಿಕ್ ಕೊಟ್ಟು ಕಳಿಸುವುದೋ ಎಂಬುದು ಆ ಎರಡು ಮಾತಿನಲ್ಲಿ ತೀರ್ಮಾನವಾಗುತ್ತದೆ.

ಅಂಗಡಿಗಳನ್ನೇ ಮುಚ್ಚಿಸಿದರಾಗದೇ ಎಂದು ನೀವು ಕೇಳಬಹುದು. ಮುಚ್ಚಿಸಿ ನೋಡಿದವರಿದ್ದಾರೆ. 1997ರಲ್ಲಿ ಹಾಂಗ್‌ಕಾಂಗಿನಲ್ಲಿ 18 ಜನರಿಗೆ ಎಚ್5ಎನ್1 ತಗುಲಿ 6 ಜನ ಸತ್ತಾಗ, ವರ್ಷದ ಕೊನೆಯಲ್ಲಿ ಆ ಊರಿನ ಹತ್ತು ಲಕ್ಷಕ್ಕೂ ಹೆಚ್ಚು ಕೋಳಿಗಳನ್ನು ಕೊಂದರು. 2013ರಲ್ಲಿ ಚೀನಾದಲ್ಲಿ ಎಚ್7ಎನ್9 ಎಂಬ ಇನ್ನೊಂದು ಬಗೆ ಕಾಣಿಸಿಕೊಂಡಾಗ ಶಾಂಘೈ, ಹಾಂಗ್‌ಝೌ, ಹುಝೌ, ನಾನ್‌ಜಿಂಗ್ ನಗರಗಳಲ್ಲಿ ಜೀವಂತ ಕೋಳಿ ಮಾರುಕಟ್ಟೆಗಳಿಗೆ ಬೀಗ ಬಿತ್ತು. ದಿನಕ್ಕೆ ಅಂಟುವವರ ಸಂಖ್ಯೆ ಶೇ. 97ರಿಂದ 99ರಷ್ಟು ಇಳಿಯಿತೆಂದು ಆಮೇಲೆ ಲೆಕ್ಕ ಹಾಕಿದರು. ಹಕ್ಕಿಯಿಂದ ಮನುಷ್ಯನಿಗೆ ರೋಗ ಎಲ್ಲಿ ದಾಟುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆದರೆ ಬೀಗ ಬಿದ್ದ ಊರಿನ ಕೋಳಿ ಬೀಗವಿಲ್ಲದ ಊರಿಗೆ ಹರಿಯಿತು, ಅದರ ಹಿಂದೆಯೇ ರೋಗವೂ.

ಹಾಂಗ್‌ಕಾಂಗ್ ಮುಂದೆ ಹಿಡಿದ ದಾರಿ ನನಗೆ ಹೆಚ್ಚು ಹಿಡಿಸುತ್ತದೆ, ಏಕೆಂದರೆ ಅದರಲ್ಲಿ ಈ ಓಣಿಗೆ ತರಬಹುದಾದದ್ದು ಬಹಳ ಇದೆ. ಮೊದಲು ಬಾತುಗಳನ್ನು ಕೋಳಿಯಿಂದ ಬೇರೆ ಮಾಡಿದರು. 2001ರಿಂದ ತಿಂಗಳಿಗೊಂದು ದಿನ ಎಲ್ಲ ಅಂಗಡಿಗಳೂ ಖಾಲಿ: ಇದ್ದಬದ್ದ ಕೋಳಿ ಕೊಯ್ದು, ತೊಳೆದು, ಒಣಗಿಸಿ ಮರುದಿನ ಹೊಸ ಕೋಳಿ. 2002ರಲ್ಲಿ ಗೌಜಲಕ್ಕಿಯನ್ನು ಮಾರುಕಟ್ಟೆಯಿಂದ ಹೊರಗಿಟ್ಟರು. 2008ರಿಂದ ರಾತ್ರಿ ಒಂದೂ ಜೀವಂತ ಕೋಳಿ ಅಂಗಡಿಯಲ್ಲಿ ಉಳಿಯಬಾರದು, ಎಂಟು ಗಂಟೆಗೆ ಎಲ್ಲ ಮುಗಿಯಬೇಕು. ಗುಟ್ಟು ಇಷ್ಟೇ. ಪಂಜರ ಎಂದೂ ಖಾಲಿಯಾಗದಿದ್ದರೆ ನಿನ್ನೆಯ ಕೋಳಿ ಇವತ್ತಿನದಕ್ಕೆ, ಇವತ್ತಿನದು ನಾಳೆಯದಕ್ಕೆ ರೋಗ ದಾಟಿಸುತ್ತಲೇ ಇರುತ್ತದೆ. ಒಂದು ರಾತ್ರಿ ಖಾಲಿ ಬಿಟ್ಟರೆ ಆ ಸರಪಳಿ ಕಡಿಯುತ್ತದೆ. ದಾವಣಗೆರೆ, ಹರಿಹರದ ಅಂಗಡಿಗಳಲ್ಲಿ ಭಾನುವಾರ ಸಂಜೆಗೆ ಪಂಜರ ಬಹುಪಾಲು ಬರಿದಾಗುತ್ತದೆ, ಸೋಮವಾರ ಎಷ್ಟೋ ಮನೆಗಳಲ್ಲಿ ಮಾಂಸವಿಲ್ಲ. ಸೋಮವಾರವನ್ನೇ ತೊಳೆಯುವ ದಿನ ಮಾಡಲು ಪಾಲಿಕೆ, ನಗರಸಭೆ, ವ್ಯಾಪಾರಿಗಳು ಒಂದೆಡೆ ಕೂತರೆ ಸಾಕು. ಯಾರ ಹೊಟ್ಟೆಯ ಮೇಲೂ ಹೊಡೆದಂತಾಗುವುದಿಲ್ಲ.

ಸಂಜೆ ನಾಲ್ಕು. ಗಿರಾಕಿ ಮುಗಿದಿದ್ದಾರೆ. ಪುಕ್ಕ, ಕರುಳು ತುಂಬಿದ ಡ್ರಮ್ಮಿನ ಸುತ್ತ ಕಾಗೆ, ನಾಯಿ. ಹುಡುಗ ಡ್ರಮ್ಮಿನ ಮೇಲೆ ಹಲಗೆ ಎಳೆದು ಕಲ್ಲು ಹೇರುತ್ತಾನೆ. ಮೂಲೆಯಲ್ಲಿ ಕೂತಿದ್ದ ಆ ಕೋಳಿ ಈಗ ಪಕ್ಕಕ್ಕೆ ಬಿದ್ದಿದೆ. ಅದರ ಜೊತೆ ಇನ್ನೆರಡು. ಮಾಲೀಕ ಬಗ್ಗಿ ನೋಡುತ್ತಾನೆ, ತಲೆ ಎತ್ತಿ ಓಣಿ ನೋಡುತ್ತಾನೆ. ಬಹಳ ಹೊತ್ತು ಸುಮ್ಮನಿದ್ದಾನೆ.

“ಬರಿಗೈಲಿ ಮುಟ್ಬ್ಯಾಡಲೇ,” ಎನ್ನುತ್ತಾನೆ ಹುಡುಗನಿಗೆ. ಪ್ಲಾಸ್ಟಿಕ್ ಚೀಲ ಕೈಗೆ ತೊಡಿಸಿ, ಮೂರನ್ನೂ ಎತ್ತಿ ಎರಡು ಚೀಲದೊಳಗೆ ಕಟ್ಟಿ ಬೇರೆ ಇಡಿಸುತ್ತಾನೆ. ಆಮೇಲೆ ಫೋನು ತೆಗೆದು 1962 ಒತ್ತುತ್ತಾನೆ. ಪಶುವೈದ್ಯ ಸಹಾಯವಾಣಿ, ದನಕ್ಕೆ ಹುಷಾರಿಲ್ಲದಾಗ ರೈತರು ಕರೆಯುವ ಸಂಖ್ಯೆ. “ಒಂದೇ ಪಂಜರದಾಗ ಮೂರು ಸತ್ತಾವ್ರೀ ಸಾರ್, ಇವತ್ತೇ,” ಎನ್ನುವಾಗ ಅವನ ದನಿ ಸ್ವಲ್ಪ ತಗ್ಗಿದೆ.

ಹೊರಗೆ ಬೆಳಗಿನ ಲಾರಿ ಬಂದು ನಿಂತಿದೆ, ಖಾಲಿ ಕ್ರೇಟು ಒಯ್ಯಲು. ಇನ್ನೊಂದು ಶೆಡ್ಡಿನಲ್ಲಿ ಇವತ್ತು ರಾತ್ರಿಯೇ ಕೋಳಿ ಹಿಡಿಯುವುದಿದೆ. ಹುಡುಗ ಹಿತ್ತಲ ನಲ್ಲಿಗೆ ಪೈಪು ಸಿಕ್ಕಿಸುತ್ತಾನೆ. ಮೊದಲು ಬ್ರಷ್ಷಿನಿಂದ ಹಿಕ್ಕೆ ಕೆರೆದು ಸೋಪಿನ ನೀರಿನಲ್ಲಿ ತಿಕ್ಕುತ್ತಾನೆ. ಕೊಳೆ ಇದ್ದರೆ ಬ್ಲೀಚಿಂಗ್ ಪುಡಿ ಕೆಲಸ ಮಾಡುವುದಿಲ್ಲವೆಂದು ಯಾರೋ ಹೇಳಿಕೊಟ್ಟಿದ್ದಾರೆ, ಅದು ಸರಿಯೂ ಹೌದು. ಆಮೇಲೆ ಬ್ಲೀಚಿಂಗ್ ನೀರು, ಒಂದಿಷ್ಟು ಹೊತ್ತು ಹಾಗೇ ಬಿಟ್ಟು ಮತ್ತೆ ಒಳ್ಳೆ ನೀರು. ಹಿಕ್ಕೆಯೊಳಗಿನ ವೈರಾಣು 4 ಡಿಗ್ರಿ ತಂಪಿನಲ್ಲಿ 35 ದಿನ, 37 ಡಿಗ್ರಿಯಲ್ಲೂ 6 ದಿನ ಬದುಕಬಲ್ಲದು. ಅದಕ್ಕೆ ಆಗದ್ದು ಸೋಪು, ಬಿಸಿಲು, ಒಣಗುವುದು. ದಾವಣಗೆರೆಯಲ್ಲಿ ಬಿಸಿಲಿಗೆ ಬರವಿಲ್ಲ.

ಕ್ರೇಟುಗಳನ್ನು ಗೋಡೆಗೆ ಒರಗಿಸಿ ಸಾಲಾಗಿ ನಿಲ್ಲಿಸಿದ್ದಾನೆ. ಪಡುವಣದ ಬೆಳಕು ಜಾಲರಿಯೊಳಗಿಂದ ಹಾದು ನೆಲದ ಮೇಲೆ ಚೌಕಚೌಕವಾಗಿ ಬಿದ್ದಿದೆ. ಲಾರಿಯವನು ಒಮ್ಮೆ ಹಾರ್ನು ಹೊಡೆಯುತ್ತಾನೆ. ಇನ್ನೊಮ್ಮೆ.

“ಒಣಗಿಲ್ಲ ಅಣ್ಣಾ, ಇನ್ನೊಂದ್ ತಾಸು ತಡಿ.”

ಲಾರಿಯವನು ಹುಡುಗನನ್ನು ನೋಡುತ್ತಾನೆ, ಕ್ರೇಟುಗಳನ್ನು ನೋಡುತ್ತಾನೆ. ಇಂಜಿನ್ ಆರಿಸಿ ಕೆಳಗಿಳಿದು, ಪೈಪು ಎಳೆದುಕೊಂಡು ಚಕ್ರಗಳಿಗೆ ನೀರು ಬಿಡುತ್ತಾನೆ.